ಏಳನೇ ಮನೆಗೆ ನಾನು ಬೀಗ ಹಾಕಿದ್ದರ ಬಗ್ಗೆ

ಹೆಸರು: ಹಿಲ್ಲೆಗೊಂಡಾ ವೆರ್ಸ್ಟೆಖ್. ವಯಸ್ಸು: 76. ಉದ್ಯೋಗ: ಮೊದಲು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಈಗ ಪಿಂಚಣಿ. ವಿಳಾಸ: ಮನೆ ನಂ. 4, ಗೆರ್ಟ್ರುಡ್ ಅಂಗಳ, ಹಾರ್ಲೆಮ್.

ಠಾಣೆಯ ಅಧಿಕಾರಿ ವೌಟ್ ಸ್ಖಿಪ್ಪರ್ ಅವರಿಗೆ. ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಆಫ್ಕೆ ಹೇಗಿದ್ದಾರೆ, ಕಣ್ಣು ತೆರೆದರಾ? ನೀವು ಕೂರಿಸಿಕೊಂಡಿರುವ ಡೆಲ್ಫಿನಾ ಅವರ ಕೈಗೆ ಹೊಲಿಗೆ ಹಾಕಿಸಿದಿರಾ, ಅವರು ಏನಾದರೂ ತಿಂದರಾ?

ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಗುರುವಾರ ನಾನು ಬಾಯಲ್ಲಿ ಹೇಳಿ ನೀವು ಬರೆದುಕೊಂಡದ್ದು ಪೂರ್ತಿ ನಿಜವಲ್ಲ. ಅದನ್ನು ನಂಬಿ, ಮನೆಗೆ ನುಗ್ಗಿ ಮುದುಕಿಯನ್ನು ಹೊಡೆದು ಕೆಡವಿದರೆಂದು ನೀವು ಡೆಲ್ಫಿನಾ ಅವರನ್ನು ಹಿಡಿದಿಟ್ಟಿದ್ದೀರಿ. ನಡೆದದ್ದು ಹೀಗಿದೆ.

ನಮ್ಮ ಅಂಗಳದ ಸುತ್ತ ಒಂಟಿ ಹೆಂಗಸರ ಹನ್ನೊಂದು ಮನೆಗಳಿವೆ. ಹತ್ತರಿಂದ ಐದರವರೆಗೆ ಊರು ನೋಡಲು ಬಂದವರಿಗೆ ದೊಡ್ಡ ಬಾಗಿಲು ತೆರೆದಿರುತ್ತದೆ. ಏಳನೇ ಮನೆಯ ಆಫ್ಕೆ ರಿಂಗ್ನಾಲ್ಡಾ, 83 ವರ್ಷ, ದಿನಾ ಮೂರು ಗಂಟೆಗೆ ನನ್ನಲ್ಲಿಗೆ ಕಾಫಿಗೆ ಬರುತ್ತಾರೆ. ನಿನ್ನೆ ಬರಲಿಲ್ಲ. ಹಿಂದಿನ ದಿನ ಹೂಕುಂಡ ಎಲ್ಲಿಡಬೇಕೆಂದು ನಮಗೆ ಮಾತಿಗೆ ಮಾತು ಬೆಳೆದಿತ್ತು. ಬೇಕಿದ್ದರೆ ಅವರೇ ಬರಲಿ ಎಂದು ನಾನು ಹೋಗಿ ನೋಡಲಿಲ್ಲ. ಮೂರಕ್ಕೆ ಮೊದಲೇ ಅವರು ಬಿದ್ದಿರಬೇಕು. ಡೆಲ್ಫಿನಾ ದೊಡ್ಡ ಬಾಗಿಲು ದಾಟಿ ಬಂದದ್ದು 3:14ಕ್ಕೆ. ಇದನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ.

ನಾನು ಅಂಗಳದ ನೀರಿನ ಪಂಪಿನ ಬಳಿ ಕಳೆ ಕೀಳುತ್ತಿದ್ದೆ. ಅವರು ನನ್ನ ಹತ್ತಿರ ಬಂದು ಮುರುಕು ಜರ್ಮನ್ನಿನಲ್ಲಿ, ಈ ಮನೆಗಳು ಮ್ಯೂಸಿಯಮ್ಮಾ, ಒಳಗೆ ಹೋಗಿ ನೋಡಬಹುದಾ ಎಂದು ಕೇಳಿದರು. ಬೆಳಗ್ಗಿನಿಂದ ಬಂದವರಲ್ಲಿ ಅವರು ನಲವತ್ತೊಂದನೆಯವರು. ನಾನು ತಲೆ ಎತ್ತದೆ, ಹೋಗಿ ಹೋಗಿ ಎಂದು ಕೈ ಬೀಸಿದೆ. ನಿನ್ನೆ ಇದನ್ನು ಹೇಳಲಿಲ್ಲ.

ನಮ್ಮಲ್ಲಿ ಹಗಲು ಯಾರೂ ಪರದೆ ಎಳೆಯುವುದಿಲ್ಲ. ಆಫ್ಕೆ ಮನೆಯ ಗೋಡೆಯ ನೀಲಿ ಟೈಲು, ಹಿತ್ತಾಳೆ ದೀಪ, ಜೋಡಿಸಿಟ್ಟ ಮೇಜು ಕಿಟಕಿಯಿಂದಲೇ ಕಾಣುತ್ತವೆ. ಅಕ್ಕಪಕ್ಕದವರು ಎಳೆದು ಒಳಗೆ ಬರಲೆಂದು ಅವರು ಚಿಲಕದ ದಾರವನ್ನು ಪತ್ರ ಹಾಕುವ ಕಿಂಡಿಯಿಂದ ಹೊರಗೆ ಬಿಟ್ಟಿರುತ್ತಾರೆ. 3:21ಕ್ಕೆ ಡೆಲ್ಫಿನಾ ಆ ದಾರ ಎಳೆದು ಒಳಗೆ ಹೋದದ್ದನ್ನು ಕಂಡೆ. ಮಾರ್ಚಿನಲ್ಲಿ ಮೂರನೇ ಮನೆಯ ಬೆಳ್ಳಿ ಚಮಚಗಳು ಕಳುವಾಗಿದ್ದವು. ಆಫ್ಕೆ ಮನೆಯ ಇನ್ನೊಂದು ಕೀಲಿಕೈ ನನ್ನ ಹತ್ತಿರ ಇರುತ್ತದೆ. ಪಂಪಿನಿಂದ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. 3:23ಕ್ಕೆ ಹೊರಗಿನಿಂದ ಬೀಗ ಹಾಕಿ, ನನ್ನ ಮನೆಗೆ ಬಂದು ನಿಮಗೆ ಫೋನ್ ಮಾಡಿ, ಮತ್ತೆ ಅಂಗಳಕ್ಕೆ ಬಂದು ನಿಂತೆ.

3:25ಕ್ಕೆ ಬಾಗಿಲು ಬಡಿಯುವ ಸದ್ದು ಶುರುವಾಯಿತು. ಒಂಬತ್ತನೇ ಮನೆಯ ನೆಲ್ಲೆಕೆ ಬೂಂಡರ್ ಕಿಟಕಿಯಿಂದ ತಲೆ ಹಾಕಿ, ಏನೇ ಹಿಲ್ಲೆ, ನಿಂಗೆ ದಿನಾ ಒಬ್ಬ ಕಳ್ಳ ಸಿಗದಿದ್ರೆ ಊಟ ಸೇರಲ್ವಾ ಎಂದರು. ಇವತ್ತು ಸಿಕ್ಕೇಬಿಟ್ಟಿದಾಳೆ, ನೀನು ಸುಮ್ನಿರು ಎಂದೆ. ಆಫ್ಕೆ ಎಲ್ಲಿ ಎಂದು ಕೇಳಿದರು. ಮುನಿಸಿಕೊಂಡು ಎಲ್ಲೋ ಹೋಗಿರ್ತಾಳೆ ಎಂದೆ.

3:31ಕ್ಕೆ ಒಳಗಿನಿಂದ ಕೂಗು ಬಂತು. ಕೂಗು ಮಾತ್ರ ಕೇಳಿಸಿತು, ಮಾತು ತಿಳಿಯಲಿಲ್ಲ ಎಂದು ನಿನ್ನೆ ಬರೆಸಿದ್ದೇನೆ. ಅದು ಸುಳ್ಳು. ಉಳಿದದ್ದು ಅವರ ಭಾಷೆಯಲ್ಲಿತ್ತು, ಆದರೆ ನಡುವೆ ಡಾಕ್ಟರ್, ಡಾಕ್ಟರ್ ಎಂದದ್ದು ಸ್ಪಷ್ಟವಾಗಿ ಕೇಳಿತು. ಆರು ಸಲ ಕೂಗಿದರು. ಬಾಗಿಲು ತೆಗೆಸಿಕೊಳ್ಳಲು ನಾಟಕ ಎಂದುಕೊಂಡೆ. ಬೀಗ ತೆಗಿಯೇ ಮಾರಾಯ್ತಿ, ಅವಳು ಗಾಜು ಒಡೀತಿದಾಳೆ ಎಂದು ನೆಲ್ಲೆಕೆ ಹೇಳಿದರು. ಒಡೀಲಿ, ಪೊಲೀಸ್ ಬರೋವರೆಗೂ ತೆಗೆಯಲ್ಲ ಎಂದೆ. ಕೀಲಿಕೈ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. 3:36ಕ್ಕೆ ಗಾಜು ಒಡೆಯಿತು. ಹೊರಗೆ ಬಂದ ಕೈಯಲ್ಲಿ ಏನೂ ಇರಲಿಲ್ಲ. ಅದು ಬಾ ಬಾ ಎಂದು ನನ್ನನ್ನು ಕರೆಯುತ್ತಿತ್ತು, ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು.

3:42ಕ್ಕೆ ನೀವು ಬಂದಿರಿ. ಆಗ ಬೀಗ ತೆಗೆದೆ. ಆಫ್ಕೆ ಒಲೆಯ ಪಕ್ಕ ನೆಲದ ಮೇಲಿದ್ದರು. ಒಲೆಯ ಅಂಚು ತಾಗಿದ ಹಣೆಯ ಗಾಯದ ರಕ್ತ ಆಗಲೇ ಒಣಗಿತ್ತು. ಅವರನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಲಾಗಿತ್ತು. ತಲೆಯ ಕೆಳಗೆ ಮಡಿಸಿಟ್ಟ ಕೋಟು ಡೆಲ್ಫಿನಾ ಅವರದು. ಬೆಳಗ್ಗಿನಿಂದ ಚಿತ್ರ ತೆಗೆದು ಅವರ ಫೋನಿನ ಬ್ಯಾಟರಿ ಮುಗಿದಿತ್ತು. ಆಫ್ಕೆ ಮನೆಯಲ್ಲಿ ಫೋನಿಲ್ಲ, ಬೇಕಾದಾಗ ನನ್ನ ಮನೆಗೆ ಬರುತ್ತಾರೆ. ನೀವು ಕೈಕೋಳ ತೊಡಿಸುವಾಗ ಡೆಲ್ಫಿನಾ ನನ್ನನ್ನು ಬೈಯಲಿಲ್ಲ. ಆಫ್ಕೆ ಕಡೆಗೆ ಗಲ್ಲ ಚಾಚಿ, ಅಜ್ಜಿಗೆ ಚಳಿ, ಅಜ್ಜಿಗೆ ಚಳಿ ಎಂದು ಜರ್ಮನ್ನಿನಲ್ಲಿ ಹೇಳುತ್ತಿದ್ದರು.

ಆಂಬುಲೆನ್ಸಿನ ಹೆಂಗಸು ನನಗೆ, ಅಂಗಾತ ಬಿಟ್ಟಿದ್ದರೆ ಉಸಿರು ಕಟ್ಟುತ್ತಿತ್ತು, ತಿರುಗಿಸಿದವರು ಉಳಿಸಿದ್ದಾರೆ ಎಂದರು. ಕಾಲು ಗಂಟೆ ಮೊದಲು ಕರೆದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ನೀವು ಕೇಳಿದಾಗ ಇದನ್ನೂ ನಾನು ಹೇಳಲಿಲ್ಲ.

ಡೆಲ್ಫಿನಾ ಕರ್ವಾಲ್ಯೊ ಪೋರ್ಚುಗಲ್ಲಿನ ಒಂದು ಶಾಲೆಯ ಅಡುಗೆಯವರು, ದೇಶ ಬಿಟ್ಟು ಬಂದದ್ದು ಇದೇ ಮೊದಲು ಎಂದು ನೀವೇ ಹೇಳಿದಿರಿ. ಅವರನ್ನು ಇವತ್ತೇ ಬಿಡಿ. ಬಾಗಿಲು ತೋರಿಸಿ ಕೈ ಬೀಸಿದವಳೂ ನಾನೇ, ಹತ್ತೊಂಬತ್ತು ನಿಮಿಷ ಬೀಗ ಹಾಕಿಟ್ಟವಳೂ ನಾನೇ. ಅದಕ್ಕೆ ಯಾವ ಕಲಮು ಇದೆಯೋ ಅದನ್ನು ನನ್ನ ಹೆಸರಿಗೆ ಬರೆದುಕೊಳ್ಳಿ.

ಇದನ್ನು ಯಾರೂ ಹೇಳಿಕೊಡದೆ ನನ್ನ ಕೈಯಾರೆ ಬರೆದು, ಎರಡು ಸಲ ಓದಿ ನೋಡಿದ್ದೇನೆ. ಇದರಲ್ಲಿ ಬಿಟ್ಟದ್ದೂ ಸೇರಿಸಿದ್ದೂ ಇಲ್ಲ. ನಾನು ರಕ್ತಸಂಬಂಧಿಯಲ್ಲವೆಂದು ಆಸ್ಪತ್ರೆಯವರು ನನಗೆ ಏನೂ ಹೇಳುತ್ತಿಲ್ಲ. ಆಫ್ಕೆ ಇದ್ದಾರೋ ಇಲ್ಲವೋ, ಒಂದೇ ಸಾಲಾದರೂ ಸರಿ, ಬೇಗ ಬರೆದು ತಿಳಿಸಿ.

ಸ್ಥಳ: ಹಾರ್ಲೆಮ್
ದಿನಾಂಕ: 10 ಮೇ 2019, ಬೆಳಗ್ಗೆ 7:10
ಸಹಿ: ಹಿ. ವೆರ್ಸ್ಟೆಖ್