ವರನ ಸಿಟ್ಟು

ಸಿಂದಗಿ ಬಸ್ ನಿಲ್ದಾಣದಲ್ಲಿ ಗುಂಡವ್ವ ಮುಖ ಗಂಟು ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಬಿ.ಎಡ್. ಓದುವ ಮಗಳು ವಿಜಯಶ್ರೀ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ, ಊರೆಲ್ಲ ಸಿಡುಕನೆಂದೇ ಕರೆಯುವ, ಇವರಿಬ್ಬರಿಗೂ ಅಪರಿಚಿತನಾದ ಶ್ರೀಶೈಲ ಹಿಂದಿನ ಬೆಂಚಿನಿಂದ ಕಿವಿಗೊಟ್ಟಿದ್ದ.

“ಯಂಕಂಚಿಗೆ ಹೋಗಿ ಈ ಸಂಬಂಧ ಬ್ಯಾಡಂತ ಹೇಳಿ ಬರ್ತೇನಿ. ಹೆಣ್ಣು ನೋಡಾಕ ಬಂದಾಂವ ಚಾದ ಕಪ್ಪು ಕುಕ್ಕಿ ಒದರತಾನಂದ್ರ, ಅಂವ ಹುಟ್ಟಾ ಸಿಟ್ಟಿನ ಮನಷ್ಯಾನ.”

“ಯವ್ವಾ, ಒಮ್ಮೆ ಸಿಟ್ಟು ಬಂತಂದ್ರ ಸ್ವಭಾವಾನ ಅದಂತಲ್ಲ. ಯಾರ ಮ್ಯಾಲ ಬಂತು, ಯಾಕ ಬಂತು ನೋಡಬೇಕಂತ ನಮಗ ಮನಶ್ಶಾಸ್ತ್ರದಾಗ ಕಲಸ್ತಾರ.”

“ಶಾಸ್ತ್ರ ಬಂದು ನಿನ್ನ ಬಾಳೇ ಮಾಡತೈತೇನು?”

“ಅಂವ ಒದರಿದ್ದು ಯಾರಿಗೆ?”

“ಅವನ ಕಾಕಾಗ.”

“ಕಾಕಾ ಏನ್ ಕೇಳಿದ್ದ?”

ಗುಂಡವ್ವ ಸೆರಗು ಸರಿಮಾಡಿಕೊಂಡಳು. “ಬೈಕ್ ಕೊಡ್ತೀರೇನ್ರಿ ಅಂತ.”

“ನಾವೆಲ್ಲಾ ಸುಮ್ಮನ ಕುಂತಿದ್ವಿ. ನಮ್ಮ ಪರವಾಗಿ ಸಿಟ್ಟಿಗೆದ್ದಾಂವ ಅವನೊಬ್ಬನ.”

ಎದ್ದು ನಿಂತು ಹೌದ್ರಿ ಅನ್ನಬೇಕೆನಿಸಿತು ಶ್ರೀಶೈಲನಿಗೆ. ಸಿಟ್ಟಿನ ಕಾರಣ ಕೇಳುವವರೂ ಇರುತ್ತಾರೆಂಬುದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.

ಯಂಕಂಚಿ ಬಸ್ಸು ಬಂತು. ಗುಂಡವ್ವ ಮೆಟ್ಟಿಲ ಮೇಲೆ ತಿರುಗಿ ನಿಂತಳು.

“ನಿಶ್ಚಯ ಮಾಡಿ ಉಡಿ ತುಂಬೂದು ಯಾವಾಗಂತ ಕೇಳಿ ಬರ್ತೇನಿ. ನೀ ಕಾಲೇಜಿಗೆ ನಡಿ. ಆ ಕಾಕಾನಂಥಾವರ ಬಗ್ಗೆ ನಿಮ್ಮ ಶಾಸ್ತ್ರದಾಗ ಏನೈತಿ, ಅಷ್ಟು ನೋಡಿಡು.”