ಎರಡನೇ ಭಾಗದ ಅಳು

ಕಮಲಾಪುರದ ಬಾಳೆತೋಟದ ನಡುವೆ ಒಂದು ಬಾವಿ ಇದೆ. ಒಂದು ರಾತ್ರಿ ಅದರ ಪಕ್ಕದ ಕಾಲುದಾರಿಯಲ್ಲಿ ಇಬ್ಬರು ಹೊರಟಿದ್ದರು. ಮುಂದೆ ಆ ಊರಿನ ಪ್ರಬುದ್ಧ. ಹಿಂದೆ ನಮ್ಮ ಓಣಿಯ, ಬ್ರಹ್ಮಪುರದ ವಿಜಯೀಂದ್ರ. ಇಬ್ಬರೂ ಕಲಬುರಗಿಯ ಒಂದೇ ಕಾಲೇಜಿನಲ್ಲಿ ಕಲಿಸುವವರು. ಬೈಕನ್ನು ರಸ್ತೆಯ ಮೇಲೇ ಬಿಟ್ಟು ಬಂದಿದ್ದರು. ಒಣಗಿದ ಬಾಳೆ ಎಲೆ ಗಾಳಿಗೆ ಪರಪರ ಅನ್ನುತ್ತಿತ್ತು...

ವಿಜಯೀಂದ್ರರ ಬಾಯಿ ಇನ್ನೂ ಕಹಿಯಾಗಿತ್ತು. ಸಂಜೆ ಕಲಬುರಗಿಯ ಟಾಕೀಸಿನಲ್ಲಿ ದೆವ್ವದ ಸಿನಿಮಾವೊಂದರ ಎರಡನೇ ಭಾಗ ನೋಡಿದ್ದರು. ದಾರಿಯುದ್ದಕ್ಕೂ ಬೈದಿದ್ದರು. ಮೊದಲ ಭಾಗದಲ್ಲಿ ಸುಟ್ಟು ಬೂದಿಯಾದ ದೆವ್ವ ಯಾವ ಕಾರಣಕ್ಕೆ ಎದ್ದು ಬಂತು? ಮೊದಲನೆಯದು ಓಡಿತು ಅನ್ನುವ ಕಾರಣಕ್ಕೆ. ಬೆನ್ನ ಹಿಂದೆ ಢಬ್ಬೆಂದು ಡಬ್ಬಿ ಬಡಿದರೆ ಯಾರಾದರೂ ಬೆಚ್ಚುತ್ತಾರೆ, ಅದಕ್ಕೆ ಭಯ ಅನ್ನುತ್ತಾರೇನು? ಸತ್ತವರನ್ನು ಮಲಗಲು ಬಿಡದೆ ಮೂರನೇ ಭಾಗವೂ ಬರಲಿದೆಯಂತೆ... ಥೂ.

ಒಂದು ಕಡೆ ಮಾತ್ರ ಅವರ ಬಾಯಿ ಕಟ್ಟಿತ್ತು. ದೆವ್ವ ಬಾವಿಕಟ್ಟೆಯ ಮೇಲೆ ಕೂತು ಅಳುವ ಕಡೆ. ಆ ಅಳು ನಟಿಯದಲ್ಲ, ಪ್ರಬುದ್ಧನ ತಾಯಿ ಹಣಮಮ್ಮನವರದು. ಹೋದ ವರ್ಷ ಮಗಳು ಪಂಚಶೀಲಾ ಇದೇ ಬಾವಿಗೆ ಜಾರಿ ಬಿದ್ದು ತೀರಿಕೊಂಡಾಗ, ಹೆಣದ ಮುಂದೆ ‘ಏಳು ಪಂಚಶೀಲಾ, ಬಾ ನನ್ನವ್ವ’ ಅಂತ ಹೆಸರು ಹಿಡಿದು ಹಾಡಿ ಅತ್ತದ್ದು. ಅಂದು ವಿಜಯೀಂದ್ರ ಅಲ್ಲೇ ಇದ್ದರು. ತೋಟಕ್ಕೆ ಈ ಸಿನಿಮಾದ ಶೂಟಿಂಗಿಗೆ ಬಂದಿದ್ದವನೊಬ್ಬ ಮೈಕು ಹಿಡಿದು ನಿಂತಿದ್ದ. ಟಿವಿಯವನಿರಬೇಕೆಂದು ಯಾರೂ ಕೇಳಿರಲಿಲ್ಲ.

ಮಣ್ಣು ಕೊಟ್ಟ ಮೇಲೆ ಆ ಮನೆಯವರು ಹಾಗೆ ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ ಹೋಗುವವರಿಗೆ ಹೋಗಲಾಗದು ಅಂತ.

ಬಾವಿಯ ಹತ್ತಿರ ಪ್ರಬುದ್ಧ ನಿಂತ.

‘ಟಾಕೀಸಿನ್ಯಾಗ ಈಗ ಎರಡನೇ ಆಟ ನಡದದ ಸರ... ಆ ಅಳು ಬರೋ ಹೊತ್ತು.’

ಎಲೆಗಳ ಸದ್ದು ನಿಂತಿತು. ಕೆಳಗೆ ನೀರು ಗುಳುಂ ಅಂದಿತು... ಒಮ್ಮೆ. ಆಮೇಲೆ ಒದ್ದೆ ಬಟ್ಟೆ ಕಲ್ಲಿಗೆ ಸವರಿದ ಸದ್ದು. ಸರ್ರ್... ಸರ್ರ್... ಮೇಲಕ್ಕೆ.

‘ಓ ಯವ್ವಾ... ಬಂದೆ.’

ಬಾವಿಯೊಳಗಿಂದ ಬಂದ ನಿದ್ದೆಗಣ್ಣಿನ ಹೆಣ್ಣುದನಿ. ಮಲಗಿದಾಗಲೆಲ್ಲ ಎಬ್ಬಿಸಿದರೆ ಬರುವಂಥದು.

ಇಬ್ಬರೂ ಅಲ್ಲಿಂದ ದಾಪುಗಾಲು ಹಾಕಿದರು. ಪ್ರಬುದ್ಧನ ಮನೆಯ ಮುಂದೆ ಹಣಮಮ್ಮ ಎಚ್ಚರವಾಗಿಯೇ ಕೂತಿದ್ದರು. ಸಿನಿಮಾದ ಮಾತು ಅವರಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ಮಗನಿಗೆ ಇರಲಿಲ್ಲ. ಅದಕ್ಕೇ ವಿಜಯೀಂದ್ರರನ್ನು ಕರೆತಂದದ್ದು.

‘ಆಕಿನ್ನ ಯಾರೋ ಕರ್ಯಾಕತ್ತಾರ್ರಿ ಸರ. ನಾ ಅಲ್ಲ. ನಾ ಕರದದ್ದು ಅವತ್ತಿಗೇ ಮುಗದದ.’

ಇಲ್ಲ, ಯಾರೂ ಇಲ್ಲ ಅಂದುಬಿಡಬಹುದಿತ್ತು. ಪ್ರಬುದ್ಧ ನೆಲ ನೋಡುತ್ತಿದ್ದ.

‘ದನಿ ನಿಮ್ಮದೇ ಅದ, ಅವ್ವಾರ,’ ಅಂದರು ವಿಜಯೀಂದ್ರ. ‘ಟಾಕೀಸಿನ್ಯಾಗ ಕೇಳಸ್ಲಿಕ್ಕತ್ತಾರ. ಕದ್ದು ಒಯ್ದಾರ.’

ಹಣಮಮ್ಮ ಬಾವಿಯ ಕಡೆ ತಿರುಗಿ ನೋಡಿದರು. ಆಮೇಲೆ, ನಾಳೆ ನನ್ನನ್ನೂ ಅಲ್ಲಿಗೆ ಒಯ್ಯಿರಿ ಅಂದರು.

ಮರುದಿನ ಟಾಕೀಸಿನಲ್ಲಿ ಇಬ್ಬರ ನಡುವೆ ಕೂತರು. ಹಿಂದಿನ ಸಾಲಿನವರು ದೆವ್ವಕ್ಕೆ ಸೀಟಿ ಹೊಡೆಯುತ್ತಿದ್ದರು. ಅಳು ಶುರುವಾಯಿತು. ಹಣಮಮ್ಮ ಎದ್ದು ನಿಂತರು. ಏ ಆಯೀ, ಕುಂದರು, ದೆವ್ವ ಕಾಣವಲ್ದು ಅಂದ ಒಬ್ಬ. ಎಲ್ಲರೂ ನಕ್ಕರು. ಆಕೆ ಪರದೆಗೆ ಬೆನ್ನು ಮಾಡಿ, ಕತ್ತಲ ಬಾಗಿಲಿನ ಕಡೆ ತಿರುಗಿ, ಮೆಲ್ಲಗೆ ಹೇಳಿದರು.

‘ನಾ ಕರದಿಲ್ಲವ್ವ. ನೀ ಮಲಕೋ.’

ಅವತ್ತಿನಿಂದ ಬಾವಿ ಸುಮ್ಮನಿದೆ. ಸಿನಿಮಾ ಇನ್ನೂ ಓಡುತ್ತಿದೆ, ಬೇಕಾದರೆ ಹೋಗಿ ನೋಡ್ರಿ. ಆ ಸೀನಿನಲ್ಲಿ ದೆವ್ವ ಬಾಯಿ ತೆರೆಯುತ್ತದೆ... ದನಿ ಬರುವುದಿಲ್ಲ. ಆಪರೇಟರ್ ಸ್ಪೀಕರ್ ಬದಲಿಸಿದ, ಹೊಸ ಪ್ರತಿ ತರಿಸಿದ. ಏನೂ ಆಗಲಿಲ್ಲ. ಕೇಳಿದ ಮಾತಲ್ಲ ಇದು, ನಾನೇ ಹೋಗಿ ಕೂತು ಬಂದಿದ್ದೇನೆ. ಗೋಡೆಯ ಫ್ಯಾನು ಗರಗರ ತಿರುಗುವುದಷ್ಟೇ ಕೇಳುತ್ತದೆ.