ಮಣಿ ಬಿಸಿಯಾಗುವವರೆಗೆ

...ಇಲ್ಲ ಅಂದ್ನಲ್ಲ, ಇಲ್ಲ ಅಂದ್ರೆ ಇಲ್ಲ. ನಾಳೆ ಆ ಪಾಠ ನಾನು ಮಾಡಲ್ಲ. ಬಾಗಿಲು ಮುಂದೆ ಮಾಡಿ ಬಾ, ದೊಡ್ಡ ಮೇಡಂ ಇನ್ನೂ ಕಾರಿಡಾರಲ್ಲೇ ಓಡಾಡ್ತಿದ್ದಾರೆ. ಆ ಸ್ಟೂಲ್ ಬೇಡ, ಕಾಲು ಅಲ್ಲಾಡುತ್ತೆ. ಇಲ್ಲಿ ಡಬ್ಬಗಳ ಪಕ್ಕ ಕೂತ್ಕೋ. ಹೇಗೂ ಬಂದಿದ್ದೀಯಲ್ಲ, ಎತ್ತಿಡೋಕೆ ಕೈ ಜೋಡಿಸು.

ಯಾಕೆ ಮಾಡಲ್ಲ ಅಂತ ತಾನೆ ನೀನು ಕೇಳಿದ್ದು? ಸುಮ್ನೆ. ಹೀಗೇ. ಬೇಜಾರು... ಅಲ್ಲ, ಬೇಜಾರೂ ಅಲ್ಲ. ಬೇಜಾರಾಗಿದ್ರೆ ಅತ್ತು ಹಗುರಾಗ್ತಿದ್ದೆ. ಏನೂ ಅನ್ನಿಸ್ತಿಲ್ಲ, ಅಷ್ಟೇ. ಬೇರೆ ಬೇರೆ ಶಾಲೆಯಿಂದ ಮೇಷ್ಟ್ರುಗಳು ಬರ್ತಾರಂತೆ, ಗೋಡೆಗೆ ಒತ್ತಿ ಕುರ್ಚಿ ಹಾಕಿಸಿಯೂ ಆಯ್ತು. ನಾನು ಗಣಿತ ಹೇಗೆ ಕಲಿಸ್ತೀನಿ ಅಂತ ಕೂತು ನೋಡ್ತಾರಂತೆ. ನೋಡೋಕೆ ಏನಿದೆ ಹೇಳು? ಬಾಟ್ಲಿ ಮುಚ್ಚಳ, ಶೂ ಡಬ್ಬ, ಐಸ್‌ಕ್ರೀಮ್ ಕಡ್ಡಿ. ಗುಜರಿಯವನೂ ಮೂಸಿ ನೋಡಲ್ಲ.

ಯಾಕೆ, ನಗು ಬರ್ಲಿಲ್ವಾ? ಬೇರೆ ದಿನ ಆಗಿದ್ರೆ ಗೇಟಿನ ತನಕ ಕೇಳೋ ಹಾಗೆ ನಗ್ತಿದ್ದೆ.

ಈ ಡಬ್ಬ ನಿನ್ನ ಕ್ಲಾಸಿಗೆ ತಗೊಂಡು ಹೋಗು. ಕನ್ನಡಿ ಚೂರುಗಳು. ಅಂಚಿಗೆ ಟೇಪ್ ಸುತ್ತಿದ್ದೀನಿ, ಮಕ್ಕಳ ಕೈ ಕೊಯ್ಯಲ್ಲ. ಅರ್ಧ ಚಿಟ್ಟೆ ಬರೆಸು, ಉಳಿದರ್ಧ ಕನ್ನಡಿಯಲ್ಲಿ ಹುಡುಕ್ಕೊಳ್ಳಲಿ. ಇದು ರಟ್ಟಿನ ಗಡಿಯಾರ, ಮುಳ್ಳು ಸಡಿಲ ಆಗಿದೆ. ಆಗ್ಲಿ ಬಿಡು. ಇದು ಬೀಜದ ಡಬ್ಬ. ಮುಂದೆ ಸುರಿದು 'ಏನಾದ್ರೂ ಮಾಡ್ರಪ್ಪಾ' ಅಂದುಬಿಡು. ಸಾಲು ಕಟ್ಟೋರು ಸಾಲು ಕಟ್ತಾರೆ, ಚೌಕ ಮಾಡೋರು ಚೌಕ ಮಾಡ್ತಾರೆ, ಯಾವುದೋ ತರಲೆ ಮೂಗಿಗೆ ತುರುಕ್ಕೊಳ್ಳುತ್ತೆ. ಅದೂ ಗಣಿತಾನೇ ಕಣೇ, ಬೀಜ ದೊಡ್ಡದೋ ಹೊಳ್ಳೆ ದೊಡ್ಡದೋ ಅಂತ.

ಗೋಡೆ ಗಡಿಯಾರದ ಕಡೆ ಯಾಕೆ ಕೈ ತೋರಿಸ್ತೀಯಾ? ಹೊತ್ತಾಯ್ತಾ? ನಿನಗೇನನ್ಸುತ್ತೆ? ಹೊತ್ತಾಗಿದೆ ಅನ್ಸಿದ್ರೆ ಹೊರಡೋಣ. ...ಅದೇನೇ ಹಾಗೆ ನೋಡ್ತೀಯಾ, ನನ್ನ ಮುಖದಲ್ಲಿ ಕೋತಿ ಕುಣೀತಿದೆಯಾ?

ಹಾಂ, ಮಣಿಗಳು. ಇವನ್ನ ಮಾತ್ರ ಯಾರಿಗೂ ಕೊಡಬೇಡ. ಜ್ಞಾಪಕ ಇದೆಯಾ, ನೀನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ? ಪ್ರಶ್ನೆ ಕೇಳೋದು, ಹಿಂದೇನೇ ಉತ್ತರಾನೂ ನೀನೇ ಒದರೋದು. ಮಕ್ಕಳಿಗೆ ಉಸಿರಾಡೋಕೂ ಬಿಡ್ತಿರ್ಲಿಲ್ಲ. ಅಮ್ಮ ನಿನ್ನ ಬಾಯಿಬಡುಕಿ ಅಂತಿದ್ದದ್ದು ಸುಮ್ನೆ ಅಲ್ಲ. ಆಗ ನಾನೇ ನಿನ್ನ ಕೈಗೆ ಗಾಜಿನ ಮಣಿ ಕೊಟ್ಟು ಹೇಳಿದ್ದೆ: ಪ್ರಶ್ನೆ ಕೇಳು, ಇದನ್ನ ಮುಷ್ಟಿಯಲ್ಲಿ ಹಿಡಿ, ಇದು ಬಿಸಿಯಾಗೋವರೆಗೂ ತುಟಿ ಬಿಚ್ಚಬೇಡ. ಮಕ್ಕಳು ಒದ್ದಾಡ್ಲಿ, ಸೂರು ನೋಡ್ಲಿ, ಪೆನ್ಸಿಲ್ ಕಚ್ಚಲಿ. ನೀನು ಸುಮ್ನಿದ್ರೆ ಸಾಕು, ಒಳಗಿರೋದು ತಾನಾಗೇ ಆಚೆ ಬರುತ್ತೆ. ಅವತ್ತು ಪಾಪ, ಮಣಿ ಹಿಡ್ಕೊಂಡು ಬೆವರಿ ಹೋಗಿದ್ದೆ ನೀನು.

ಆಮೇಲೆ ಇನ್ನೊಂದು. ಮಗು ಬಂದು 'ಮಿಸ್, ಇದು ಸರೀನಾ' ಅಂದ್ರೆ ಹೌದು ಅನ್ನಬಾರದು, ಇಲ್ಲಾನೂ ಅನ್ನಬಾರದು. 'ನಿನಗೇನನ್ಸುತ್ತೆ?' ಅಂತ ತಿರುಗಿ ಕೇಳ್ಬೇಕು. 'ಹೇಗೆ ಗೊತ್ತು?' ಅಂತ ಕೇಳ್ಬೇಕು. ಅಷ್ಟೇ ನನ್ನ ವಿದ್ಯೆ. ದೊಡ್ಡ ಮೇಡಂ ಏನಂದ್ರು ಗೊತ್ತಾ? 'ಮೊದಲೆಲ್ಲ ಪಾಠದ ಕೊನೆಗಾದ್ರೂ ಬೋರ್ಡಿನ ಮೇಲೆ ಉತ್ತರ ಬರೀತಿದ್ರಿ. ಈ ವರ್ಷ ಅದೂ ಇಲ್ಲ, ಪೂರ್ತಿ ಮಕ್ಕಳಿಗೇ ಬಿಟ್ಟಿದ್ದೀರಿ, ಎಂಥಾ ತಾಳ್ಮೆ ನಿಮ್ದು' ಅಂದ್ರು. ಅದಕ್ಕೇ ನಾಳೆ ಈ ಮೆರವಣಿಗೆ. ತಾಳ್ಮೆ ಅಂತೆ.

ಮೊನ್ನೆ ನೀನು ಬಾಗಿಲಲ್ಲಿ ನಿಂತು ನೋಡ್ತಿದ್ದೆ ಅಲ್ವಾ? ಆ ಹಲ್ಲುಬ್ಬಿ ಹುಡುಗಿ ಮುಚ್ಚಳ ಜೋಡಿಸಿ, ಪಕ್ಕದಲ್ಲಿ ಅಂಕಿ ಚೀಟಿ ಇಟ್ಟು 'ಸರೀನಾ ಮಿಸ್' ಅಂದ್ಳು. ನಿನಗೇನನ್ಸುತ್ತೆ ಅಂದೆ. ಸರಿ ಅನ್ಸುತ್ತೆ ಅಂದ್ಳು. ಹೇಗೆ ಗೊತ್ತು ಅಂದೆ. ಕೈ ಬೀಸಿ ಬೀಸಿ ಅದೆಷ್ಟು ಹೊತ್ತು ವಿವರಿಸಿದ್ಳು, ಏನು ಧೈರ್ಯ ಆ ಮಗೂಗೆ. ನಾನು ಚಪ್ಪಾಳೆ ತಟ್ಟಿದೆ, ಕ್ಲಾಸೂ ತಟ್ಟಿತು. ನೀನು ಮಾತ್ರ ತಟ್ಟಲಿಲ್ಲ. ಕೈ ಕಟ್ಕೊಂಡು ನಿಂತಿದ್ದೆ. ನಾನು ನೋಡಿದೆ.

ಏನು ಮಾಡ್ತಿದ್ದೀಯಾ? ಮುಚ್ಚಳ ಯಾಕೆ ಸುರಿದೆ? ಈಗಷ್ಟೇ ಎತ್ತಿಟ್ಟಿದ್ದು. ...ಓ, ಅವಳು ಇಟ್ಟ ಹಾಗೇ ಇಡ್ತಿದ್ದೀಯಾ? ಇಲ್ಲೊಂದಿಷ್ಟು, ಅಲ್ಲೊಂದಿಷ್ಟು. ಅದೇ ಚೀಟಿ. ಇಟ್ಯಲ್ಲ, ಈಗೇನು? ಸರೀನಾ ಅಂತ ನಾನು ಹೇಳ್ಬೇಕಾ?

ನಿನಗೇನನ್ಸುತ್ತೆ?

...ನಿನಗೇನನ್ಸುತ್ತೆ ಅಂತ ಕೇಳ್ದೆ.

ಮಾತಾಡೇ. ಬಂದಾಗ ಒಂದು ಪ್ರಶ್ನೆ ಕೇಳಿದವಳು ಆಮೇಲೆ ತುಟಿ ಬಿಚ್ಚಿಲ್ಲ. ನಾನೊಬ್ಬಳೇ ಹುಚ್ಚಿ ಥರ ಬಡಬಡಿಸ್ತಿದ್ದೀನಿ. ಎಡಗೈ ಯಾಕೆ ಹಾಗೆ ಮುಚ್ಕೊಂಡಿದ್ದೀಯಾ? ಬಿಡಿಸು. ಬಿಡಿಸೇ ಅಂದ್ರೆ.

...ಮಣಿ.

ಬಂದಾಗಿನಿಂದ ಹಿಡ್ಕೊಂಡೇ ಇದ್ಯಾ? ಚೆನ್ನಾಗಿ ಕಲಿಸಿದ್ದೀನಿ ನಿನಗೆ.

ಅಂದ್ರೆ ಅದು ತಪ್ಪು. ಅವಳು ಇಟ್ಟಿದ್ದು ತಪ್ಪು. ನಾನು ಚಪ್ಪಾಳೆ ತಟ್ಟಿದೆ, ಆ ಮಗು ತಪ್ಪನ್ನೇ ಸರಿ ಅಂದ್ಕೊಂಡು ಕುಣೀತಾ ಮನೆಗೆ ಹೋಯ್ತು.

ಕಣ್ಣು ಚೆನ್ನಾಗೇ ಇದೆ ಕಣೇ. ಚೀಟಿ ಮೇಲಿನ ಗೆರೆ ಕಾಣುತ್ತೆ, ಎಲ್ಲಿ ಬಗ್ಗಿದೆ ಅನ್ನೋದೂ ಕಾಣುತ್ತೆ. ಅದು ಯಾವ ಅಂಕಿ ಅಂತ ಗೊತ್ತಾಗಲ್ಲ. ಮುಚ್ಚಳ ಇವೆ ಅಂತ ಗೊತ್ತು, ಎಷ್ಟಿವೆ ಅಂತ... ಎಣಿಸೋಕೆ ಹೋಗ್ತೀನಿ, ಮಧ್ಯದಲ್ಲೇ ಕೈ ಜಾರುತ್ತೆ. ರಜೆ ಮುಗಿಸಿ ಬಂದ ಮೇಲೆ ಶುರುವಾಯ್ತು. ಹೆದರಿಕೆ ಆಗ್ಬೇಕಿತ್ತು, ಅಲ್ವಾ? ಆಗ್ಲಿಲ್ಲ. ಮಾತು ಸರಿಯಾಗಿದೆ, ಮನೆ ದಾರಿ ಗೊತ್ತು, ನಿನ್ನ ಮುಖ ಗೊತ್ತು. ಲೆಕ್ಕ ಮಾತ್ರ ಹೇಳದೆ ಕೇಳದೆ ಎದ್ದು ಹೋಗಿದೆ. ದಿನಾ ಕ್ಲಾಸಿಗೆ ಬರ್ತೀನಿ, ನಿನಗೇನನ್ಸುತ್ತೆ ಅಂತೀನಿ, ಗಂಟೆ ಹೊಡೆಯುತ್ತೆ. ಯಾರಿಗೂ ಅನುಮಾನ ಬರ್ಲಿಲ್ಲ. ಎಲ್ಲರೂ ಹೊಗಳಿದ್ರು. ಡಾಕ್ಟರ ಹತ್ರ ಹೋದ್ರೆ ಅವರೂ ಎಣಿಸು ಅಂತಾರೆ, ಅದಕ್ಕೇ ಹೋಗ್ಲಿಲ್ಲ. ನಾಳೆ ಆ ಕುರ್ಚಿಯಲ್ಲಿ ಕೂತವರು ಯಾರಾದ್ರೂ ಕೈ ಎತ್ತಿ, ಇದು ಸರೀನಾ ಮೇಡಂ ಅಂತ ಕೇಳ್ತಾರೆ. ಆಗ?

ಅಳಬೇಡ. ನೀನು ಅತ್ರೆ ನಾನೂ ಅಳಬೇಕಾಗುತ್ತೆ, ನನಗೆ ಅದೂ ಬರ್ತಿಲ್ಲ.

ಆ ಮಣಿ ಇಲ್ಲಿ ಕೊಡು. ...ಬಿಸಿಯಾಗಿದೆ. ಆಯ್ತಲ್ಲ, ಇನ್ನು ನೀನು ಮಾತಾಡಬಹುದು. ನಾಳೆ ದೊಡ್ಡ ಮೇಡಂಗೆ ಏನು ಹೇಳ್ತೀಯೋ ಹೇಳು, ಎಲ್ಲಿಗೆ ಕರ್ಕೊಂಡು ಹೋಗ್ತೀಯೋ ಹೋಗು, ಬರ್ತೀನಿ. ಈಗ ಮಾತ್ರ ಈ ಮುಚ್ಚಳ ನೋಡಿ ಹೇಳು. ನಿನಗೇನನ್ಸುತ್ತೆ ಅಕ್ಕಾ ಅಂತ ನನ್ನ ಕೇಳಬೇಡ. ಕಾಯಬೇಡ. ಎಷ್ಟಿವೆ ಅಂತ ಹೇಳಿಬಿಡು.